ಬಂಡೆಗವಿಯ ಜೇಡಗಳಿಗೆ ಒದ್ದೆ ಗೋಣಿ: ನಮ್ಮ ಅನುಭವ

ಗಂಗಾವತಿ, ಆನೆಗೊಂದಿ ಸುತ್ತಿನ ಗುಡ್ಡಗಳಲ್ಲಿ ಗವಿ ಜೇಡಗಳ ಪಟ್ಟಿ ಮಾಡುತ್ತೇವೆ ಅಂದಾಗ ಈ ಕೆಲಸದಲ್ಲಿ ಪಳಗಿದವರೇ ನಕ್ಕಿದ್ದರು. "ಅಲ್ಲೆಲ್ಲಿ ಗವಿ ಐತ್ರೀ, ಬರೀ ಬಂಡಿ ಸಂದು." ಗವಿ ಅಂದರೆ ಸುಣ್ಣಕಲ್ಲಿನದ್ದೇ ಆಗಬೇಕು, ಆಂಧ್ರದ ಬೇಲಂ ಗವಿಯಂತೆ ಮೂರು ಕಿಲೋಮೀಟರ್ ಒಳಗೆ ಹೋಗಬೇಕು ಅನ್ನೋದು ಅವರ ಲೆಕ್ಕ. ನಮ್ಮ ಕಡೆಯ ಕಣಶಿಲೆ (ಗ್ರಾನೈಟ್) ಮಣ್ಣಿನಡಿ ಇದ್ದಾಗಲೇ ಸೀಳುಗಳುದ್ದಕ್ಕೂ ಕೊಳೆತು, ಸಡಿಲು ಮಣ್ಣು ಕೊಚ್ಚಿಹೋದ ಮೇಲೆ ಗುಂಡುಗಳಾಗಿ ಒಂದರ ಮೇಲೊಂದು ಕೂತದ್ದು. ಆ ಸಂದುಗಳು ಮೂವತ್ತು–ನಲವತ್ತು ಅಡಿ ಒಳಗೆ ಹೋಗುತ್ತವೆ, ತಿರುಗುತ್ತವೆ, ಕೆಲವು ಕಡೆ ಪೂರ್ತಿ ಕತ್ತಲೆ. ಏಪ್ರಿಲ್ ಮಧ್ಯಾಹ್ನ ಹೊರಗೆ ನಲವತ್ತು ಡಿಗ್ರಿ ಇದ್ದಾಗ ಒಳಗೆ ಇಪ್ಪತ್ತೊಂಬತ್ತು–ಮೂವತ್ತು. ತೇವ ಹೊರಗಿನದರ ಎರಡರಷ್ಟು. ಜೇಡಕ್ಕೆ ಅಷ್ಟು ಸಾಕು.

ದುಡ್ಡು ಹೋದದ್ದು ಲೋಟದ ಬಲೆಗಳಲ್ಲಿ. ಎಲ್ಲರೂ ಹೇಳುವುದು ಅದನ್ನೇ: ಲೋಟ ಹೂಳಿ, ಬಿದ್ದದ್ದು ಕೊಳೆಯದಂತೆ ಒಳಗೆ ದ್ರವ ಹಾಕಿ, ವಾರ ಬಿಟ್ಟು ಬನ್ನಿ. ಬಂಡೆಯ ಮೇಲೆ ಎಲ್ಲಿ ಹೂಳೋದು? ಸುತ್ತ ಮಣ್ಣಿನ ಇಳಿಜಾರು ಕಟ್ಟಿದರೆ ಒಣಗಿ ಬಿರುಕು ಬಿಟ್ಟು ಲೋಟದ ಅಂಚು ಮೇಲೆ ಉಳಿಯುತ್ತದೆ, ಜೇಡ ಅದನ್ನು ಸುತ್ತುಹಾಕಿ ಹೋಗುತ್ತದೆ. ಬಿದ್ದದ್ದೆಲ್ಲ ಗವಿಮಿಡತೆ, ಜಿರಳೆ. ಅವು ಕೊಳೆತರೆ ಒಳಗಿದ್ದ ಒಂದೆರಡು ಜೇಡವೂ ಹಾಳು. ಉಪ್ಪುನೀರು ನಮ್ಮ ಬಿಸಿಲಿಗೆ ನಾಲ್ಕೇ ದಿನದಲ್ಲಿ ಆರಿ ತಳದಲ್ಲಿ ಹರಳು ಕಟ್ಟುತ್ತದೆ. ಗಾಡಿ ರೇಡಿಯೇಟರಿನ ಎಥಿಲೀನ್ ಗ್ಲೈಕಾಲ್ ಆರುವುದಿಲ್ಲ, ಆದರೆ ಸಿಹಿ ವಿಷ. ಕರಡಿ, ನರಿ, ಕುರಿಗಾಹಿಗಳ ನಾಯಿ ಓಡಾಡುವಲ್ಲಿ ಅದನ್ನು ಇಡಲೇಬಾರದು. ಪ್ರೊಪಿಲೀನ್ ಗ್ಲೈಕಾಲ್ ತರಿಸಿದರೆ ಲೀಟರಿಗೆ ನಾಲ್ಕು ನೂರರ ಆಸುಪಾಸು. ಎಲ್ಲ ಸೇರಿ ಮೂರೂವರೆ ಸಾವಿರ ನೀರುಪಾಲು.

ಕೈಹಿಡಿದದ್ದು ಹಳೇ ಗೋಣಿಚೀಲ. ಒಂದೂವರೆ ಅಡಿ ಚೌಕದ ತುಂಡನ್ನು ಎರಡು ಮಡಿಕೆ ಮಾಡಿ, ರಾತ್ರಿಯಿಡೀ ನೆನೆಸಿ, ಕತ್ತಲ ಭಾಗದಲ್ಲಿ ಬಾವಲಿ ಹಿಕ್ಕೆಯ ಪುಡಿ ನೆಲಕ್ಕೆ ತಾಗುವಂತೆ ಹಾಸಿ, ಮೂಲೆಗಳಿಗೆ ಕಲ್ಲು ಹೇರುವುದು. ಮಡಿಕೆಯ ನಡುವೆ ಬೆರಳುದ್ದದ ಕಡ್ಡಿಗಳನ್ನು ಇಟ್ಟು ಸಂದು ಬಿಡಬೇಕು. ಪೂರ್ತಿ ಅಂಟಿಕೊಂಡರೆ ಬೂಸ್ಟು ಬರುತ್ತದೆ, ಜೇಡ ಬರುವುದಿಲ್ಲ. ಹತ್ತು ದಿನ ಒದ್ದೆ ಉಳಿಯಬೇಕಾದರೆ ಒಂದು ಲೀಟರ್ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಹತ್ತಿಯ ಬತ್ತಿ ತೂರಿಸಿ, ತಲೆಕೆಳಗಾಗಿ ನಿಲ್ಲಿಸಬೇಕು. ಪ್ಲಾಸ್ಟಿಕ್ ಬಾಟಲಿಯನ್ನು ಇಲಿ ಕಡಿಯುತ್ತದೆ, ಗಾಜಿನದೇ ಒಳ್ಳೆಯದು. ಎತ್ತುವಾಗ ನಿಧಾನ ಮಾಡಿದರೆ ಎಲ್ಲ ಪರಾರಿ. ಒಂದೇ ಏಟಿಗೆ ಬಿಳಿ ಟ್ರೇಗೆ ಮಗುಚಿ ಕೊಡವಬೇಕು. ನೆನೆಸುವ ನೀರಿಗೆ ನಾವು ಏನು ಬೆರೆಸುತ್ತೇವೆ ಅನ್ನೋದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಬರೀ ನೀರಿಗೂ ಬರುತ್ತವೆ, ಸ್ವಲ್ಪ ಕಡಿಮೆ ಅಷ್ಟೆ.

ಲೋಟ ಎಂದೂ ಕೊಡದ ಎರಡು ಮಿಲಿಮೀಟರಿನ, ಊನೋಪಿಡ್ ಕುಟುಂಬದ ಜೇಡಗಳು ಸಿಕ್ಕಿದ್ದು ಹೀಗೆ. ಅದೇ ಹಿಕ್ಕೆಪುಡಿ, ಎಲೆಕಸವನ್ನು ಜೋಳದ ಜರಡಿಯಲ್ಲಿ ಸೋಸಿ, ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಕತ್ತರಿಸಿ ಮಾಡಿದ ಆಲಿಕೆಗೆ ಹಾಕಿದರೆ ಇನ್ನಷ್ಟು ಸಿಗುತ್ತವೆ. ಮೇಲೆ ಬಲ್ಬ್ ಹಚ್ಚಿದರೆ ಬಿಸಿ ತಾಳದೆ ಅವು ಕೆಳಗಿನ ಸೀಸೆಗೆ ಇಳಿಯುತ್ತವೆ. ಅರವತ್ತು ವ್ಯಾಟಿನದ್ದು ಬೇಡ, ಕೆಳಗೆ ಇಳಿಯುವ ಮೊದಲೇ ಒಣಗಿ ಸಾಯುತ್ತವೆ. ಝೀರೋ ಬಲ್ಬ್, ಐದು ದಿನ. ಸ್ಪಿರಿಟ್ ಸೀಸೆಯನ್ನು ಪುಡಿ ಹಾಕಿ ಒಂದು ಗಂಟೆ ಆದಮೇಲೆ ಕೆಳಗಿಡಿ, ಇಲ್ಲದಿದ್ದರೆ ಉದುರಿದ ಧೂಳೇ ರಾಡಿಯಾಗುತ್ತದೆ. ಎನ್-95 ಮಾಸ್ಕ್ ಇಲ್ಲದೆ ಇದನ್ನು ಮುಟ್ಟಬೇಡಿ. ಹಿಕ್ಕೆಯ ಧೂಳಿನಿಂದ ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶ್ವಾಸಕೋಶದ ಸೋಂಕು ತಗಲಬಹುದು.

ಗೋಡೆ, ಚಾವಣಿಯವಕ್ಕೆ ಮಾತ್ರ ಕೈ ಹುಡುಕಾಟವೇ ಗತಿ. ಒಬ್ಬರು, ಒಂದು ಗಂಟೆ, ಒಂದು ವಲಯ (ಗವಿಯ ಬಾಯಿ, ಮಬ್ಬು, ಪೂರ್ತಿ ಕತ್ತಲೆ ಇವುಗಳಲ್ಲಿ ಒಂದು): ಅದು ಒಂದು ಮಾದರಿ. ನಮ್ಮಲ್ಲಿ ಬೆಳಕು ಬಾಯಿಂದ ಮಾತ್ರವಲ್ಲ, ಮೇಲಿನ ಸಂದುಗಳಿಂದಲೂ ಬೀಳುವುದರಿಂದ ಅಡಿ ಅಳೆದು ವಲಯ ಮಾಡಿದರೆ ಲೆಕ್ಕ ಕೆಡುತ್ತದೆ. ನಡು ಮಧ್ಯಾಹ್ನ ಮೊಬೈಲಿನ, ಬೆಳಕು ಅಳೆಯುವ ಲಕ್ಸ್ ಆ್ಯಪಿನಲ್ಲಿ ಅಳೆದು, ಸೊನ್ನೆ ಬಂದಲ್ಲಿ ದಾರ ಕಟ್ಟಿ. ಬಂಡೆಗೆ ಬಣ್ಣ ಬಳಿಯಬೇಡಿ, ಈ ಭಾಗದಲ್ಲಿ ಯಾವ ಸಂದಿನಲ್ಲಿ ಹಳೇ ಚಿತ್ರ ಇದೆಯೋ ಹೇಳಲಾಗದು. ಗವಿಯ ಬಾಯಲ್ಲಿ ಸಿರ್ಟೋಫೋರಾ ಜೇಡದ ಡೇರೆಬಲೆ, ಚಪ್ಪಟೆ ಸೆಲೆನೋಪ್ಸ್, ಗೋಡೆಯ ಓಕೋಬಿಯಸ್. ಮಬ್ಬಿನಲ್ಲಿ ಉದ್ದ ಕಾಲಿನ ಆರ್ಟೆಮಾ ಅಟ್ಲಾಂಟಾ, ಕ್ರಾಸೊಪ್ರೈಝಾ, ಉಗುಳು ಜೇಡ ಸೈಟೋಡಿಸ್, ವಿಷಗ್ರಂಥಿಯೇ ಇಲ್ಲದ ಯುಲೋಬೊರಿಡ್‌ಗಳು. ಬಲೆ ಕಟ್ಟದೆ ಬೇಟೆಯಾಡುವ ದೊಡ್ಡ ಜೇಡ ಹೆಟೆರೊಪೋಡಾ ಎಲ್ಲ ಕಡೆ. ಬಾಯಲ್ಲಿ ಮೊಟ್ಟೆಗಂಟು ಕಚ್ಚಿಕೊಂಡ ಆರ್ಟೆಮಾ, ಎದೆಯಡಿ ಮೊಟ್ಟೆಚೀಲ ಹೊತ್ತ ಹೆಟೆರೊಪೋಡಾ ಕಂಡರೆ ಫೋಟೋ ಸಾಕು.

ಒಂದಷ್ಟು ಅಡ್ಡಪ್ರಯೋಗಗಳೂ ನಡೆದವು. ಬ್ಯಾಟರಿ ಹಲ್ಲುಜ್ಜುವ ಬ್ರಷ್ಷಿಗೆ ಹುಲ್ಲುಕಡ್ಡಿ ಕಟ್ಟಿ ಬಿಲದ ಬಾಯಿಯ ಎಳೆಗೆ ತಾಗಿಸಿದರೆ ಸಂದಿನಲ್ಲಿ ಕೂರುವ ಫಿಲಿಸ್ಟಾಟಿಡ್ ಜೇಡ ಬೇಟೆ ಬಿತ್ತೆಂದು ಹೊರಗೆ ಹಾರುತ್ತದೆ. ಉದ್ದ ಕಾಲಿನವು ಅದಕ್ಕೆ ಬೆದರಿ ಬಲೆಯಲ್ಲೇ ಗಿರಗಿರ ತೂಗಿ ತಾವಿರುವ ಜಾಗ ತಾವೇ ತೋರಿಸುತ್ತವೆ. ನೇರಳಾತೀತ ಟಾರ್ಚ್ ಆರು ನೂರು ರೂಪಾಯಿ. ಜೇಡಕ್ಕೆ ಅದರಿಂದ ಹೆಚ್ಚೇನೂ ಉಪಯೋಗ ಕಾಣಲಿಲ್ಲ, ಆದರೆ ಚೇಳು ಹಸಿರಾಗಿ ಹೊಳೆಯುತ್ತದೆ. ಕೆಂಪು ಚೇಳಿನ ಊರಲ್ಲಿ ಕೈ ಇಡುವ ಮೊದಲು ನೋಡಿಕೊಳ್ಳಲು ಆ ಟಾರ್ಚ್ ಚೀಲದಲ್ಲಿ ಉಳಿದಿದೆ. ಕರಡಿ ಹಗಲಿನಲ್ಲಿ ಇಂಥ ಗವಿಗಳಲ್ಲೇ ಮಲಗುತ್ತದೆ: ಬಾಯಲ್ಲಿ ಹಸಿ ಹಿಕ್ಕೆ, ಗಬ್ಬು ವಾಸನೆ ಇದ್ದರೆ ಆ ಗವಿ ಅವತ್ತಿಗೆ ಬೇಡ. ಹೆಜ್ಜೇನು ಕಟ್ಟಿದ ಬಂಡೆಯ ಕೆಳಗೆ ತಲೆದೀಪ ಹಚ್ಚಿ ಮೇಲೆ ನೋಡಬೇಡಿ. ಅರಣ್ಯ ಇಲಾಖೆಯ ಅನುಮತಿ, ಸ್ಮಾರಕದ ಹತ್ತಿರವಾದರೆ ಪುರಾತತ್ವ ಇಲಾಖೆಯದ್ದೂ, ಮೊದಲೇ ಕೈಯಲ್ಲಿರಲಿ.

ಎಷ್ಟು ಹುಡುಕಿದರೆ ಸಾಕು ಅನ್ನೋದಕ್ಕೆ ಚಾವೊ ಲೆಕ್ಕ ಹಾಕಿ; ಕಣ್ಣಿಗೆ ಬೀಳದೆ ಉಳಿದ ಜಾತಿಗಳು ಎಷ್ಟು ಅನ್ನೋ ಅಂದಾಜು ಅದು. ಉದಾಹರಣೆಗೆ 31 ಜಾತಿ ಸಿಕ್ಕು, ಅದರಲ್ಲಿ 9 ಒಂದೊಂದೇ, 4 ಎರಡೆರಡು ಸಿಕ್ಕಿದ್ದರೆ, 9ರ ವರ್ಗವನ್ನು 4ರ ಎರಡರಷ್ಟರಿಂದ ಭಾಗಿಸಿ. ಕನಿಷ್ಠ ಇನ್ನೂ ಹತ್ತು ಜಾತಿ ಗವಿಯಲ್ಲಿ ಉಳಿದಿವೆ ಅಂತ ಅರ್ಥ. ಮರಿಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಜನನಾಂಗ ಬಲಿಯದೆ ಜಾತಿ ಗುರುತಾಗುವುದಿಲ್ಲ. ಹಿಡಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮರಿಗಳೇ ಇರುತ್ತವೆ, ಅದಕ್ಕೇ ಮಳೆ ಹಿಡಿದ ಮೇಲೆ, ಆಗಸ್ಟಿನಿಂದ ನವೆಂಬರ್‌ವರೆಗೆ ಹೋಗಬೇಕು.

ಪೇಲವ ಬಣ್ಣದ್ದು ಸಿಕ್ಕ ಕೂಡಲೇ "ಗವಿಗೇ ಮೀಸಲಾದ ಹೊಸ ಜಾತಿ" ಅಂತ ಕುಣಿಯುವವರು ಬಹಳ. ಪೊರೆ ಬಿಟ್ಟ ಜೇಡವೂ ಪೇಲವವೇ. ಜೇಡಕ್ಕೆ ಸಾಮಾನ್ಯವಾಗಿ ಎಂಟು ಕಣ್ಣು, ಆದರೆ ಆರೇ ಕಣ್ಣು ಅಂದರೆ ಎರಡು ಕಣ್ಣು ನಶಿಸಿವೆ ಅಂತಲ್ಲ. ಸೈಟೋಡಿಸ್‌ಗೆ, ಊನೋಪಿಡ್‌ಗಳಿಗೆ ಇರುವುದೇ ಆರು. ಲಾವೋಸಿನ ಗವಿಯಿಂದ ಪೀಟರ್ ಯೇಗರ್ 2012ರಲ್ಲಿ ವಿವರಿಸಿದ ಸಿನೊಪೋಡಾ ಸ್ಕುರಿಯನ್‌ಗೆ ಕಣ್ಣೇ ಇಲ್ಲ. ಅಂಥದ್ದು ನಮ್ಮ ಆಳವಿಲ್ಲದ, ಬೇಸಿಗೆಯಲ್ಲಿ ಒಣಗುವ ಸಂದುಗಳಲ್ಲಿ ಸಿಗುವ ಸಾಧ್ಯತೆ ಕಡಿಮೆ. ಇಲ್ಲಿನವು ಹೆಚ್ಚಾಗಿ ಹೊರಗೂ ಒಳಗೂ ಬದುಕುವ ಜಾತಿಗಳು, ಆದರೆ ಸಂಖ್ಯೆ ನಕ್ಕವರು ಅಂದುಕೊಂಡದ್ದರ ನಾಲ್ಕು ಪಟ್ಟು. ಜೇಡದಂತೆ ಕಂಡರೂ ಜೇಡವಲ್ಲದ ಆಂಬ್ಲಿಪಿಗಿಯನ್ನು ಎಣಿಸದೆಯೂ ಅಷ್ಟು.

ಸೀಸೆಯೊಳಗಿನ ಚೀಟಿ ಪೆನ್ಸಿಲ್ಲಿನಲ್ಲೇ ಇರಲಿ, ಪೆನ್ನಿನ ಶಾಯಿ ಸ್ಪಿರಿಟ್ಟಿಗೆ ಕರಗುತ್ತದೆ. 70 ಶೇಕಡಾ ಎಥನಾಲ್ ಆಕಾರ ನೋಡಿ ಗುರುತಿಸುವುದಕ್ಕೆ, 95 ಡಿಎನ್‌ಎಗೆ. ಎರಡು ರೂಪಾಯಿಯ ಸೀಸೆಗಳ ಮುಚ್ಚಳ ರಾಯಚೂರು ಬೇಸಿಗೆಗೆ ಸಡಿಲಾಗಿ ಸ್ಪಿರಿಟ್ ಆರಿಹೋಗುತ್ತದೆ; ರಬ್ಬರ್ ಬಳೆ ಇರುವ ಏಳು–ಎಂಟು ರೂಪಾಯಿಯವನ್ನೇ ತರಿಸಿ. ಫೋಟೋ ತೆಗೆಯುವಾಗ ಸೂಕ್ಷ್ಮದರ್ಶಕದಡಿ ಜೇಡ ಹೊರಳುತ್ತಿದ್ದರೆ ತಟ್ಟೆಯ ತಳಕ್ಕೆ ಪಾರದರ್ಶಕ ಸ್ಯಾನಿಟೈಸರ್ ಜೆಲ್ ಹಚ್ಚಿ ಅದರಲ್ಲಿ ಕೂರಿಸಿ, ಮೇಲೆ ಸ್ಪಿರಿಟ್ ಹಾಕಿ. ಹೇಗೆ ತಿರುಗಿಸಿದರೆ ಹಾಗೆ ನಿಲ್ಲುತ್ತದೆ.