ಅರ್ಧಕ್ಕೇ ನಿಲ್ಲುತ್ತಿದ್ದ ಪುಟಗಳು: 8 ಬೈಟ್ ಹುಡುಕಿದ ನನ್ನ ಅನುಭವ

“ಅಪ್ಪಾ, ಇದು ಸುತ್ತುತ್ತಾನೇ ಇದೆ. ನಾಳೆ ಕೊನೇ ದಿನ.”

ಮಗಳು ಹೀಗೆ ಕರೆದಾಗ ರಾತ್ರಿ ಒಂಬತ್ತೂವರೆ. ಕಾಲೇಜಿನ ಅರ್ಜಿ ತುಂಬಬೇಕಿತ್ತು. ಪುಟ ಬಿಳಿಯಾಗಿ ನಿಂತಿತ್ತು, ಮೇಲೆ ಸಣ್ಣ ಚಕ್ರ ತಿರುಗುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಮ್ಮ ಯೂಟ್ಯೂಬಿನಲ್ಲಿ ಹರಿಕಥೆ ಕೇಳುತ್ತಿದ್ದರು, ಅದು ಒಂದು ಸಲವೂ ತಡವರಿಸಲಿಲ್ಲ. ಸ್ಪೀಡ್ ಟೆಸ್ಟ್ ಮಾಡಿ ನೋಡಿದೆ, ಕಾಸು ಕೊಟ್ಟಷ್ಟು ಸ್ಪೀಡ್ ಪೂರ್ತಿ ಬರುತ್ತಿತ್ತು. ಕೊನೆಗೆ ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿ ಕೊಟ್ಟೆ. ಅದೇ ಲ್ಯಾಪ್‌ಟಾಪ್, ಅದೇ ಸೈಟ್, ಎರಡೇ ಸೆಕೆಂಡಿನಲ್ಲಿ ತೆರೆಯಿತು. ಅರ್ಜಿಯೇನೋ ಹೋಯಿತು. ನನಗೆ ಮಾತ್ರ ನಿದ್ದೆ ಬರಲಿಲ್ಲ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಂಡ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ, ದಿನಾ ರೈಲಿನಲ್ಲಿ ಓಡಾಟ. ಲ್ಯಾಬಿನಲ್ಲಿ ನೆಟ್ ನಿಂತರೆ ಹುಡುಕುವುದೇ ನನ್ನ ಕೆಲಸ. ಮನೆಯಲ್ಲಿ ನಿಂತಾಗ ಮಾತ್ರ ರೂಟರ್ ಆಫ್ ಮಾಡಿ ಆನ್ ಮಾಡಿ ಸುಮ್ಮನಾಗುತ್ತಿದ್ದೆ. ಎರಡು ವಾರದಿಂದ ಹಾಗೇ ನಡೆದಿತ್ತು. ಮನೆಯವಳು ಬ್ಯಾಂಕ್ ಸೈಟ್ ತೆರೆಯುತ್ತಿಲ್ಲ ಎಂದಿದ್ದಳು, ಬ್ಯಾಂಕಿನವರದ್ದೇ ಸಮಸ್ಯೆ ಇರಬೇಕು ಅಂದುಬಿಟ್ಟಿದ್ದೆ. ಆಗಲೇ ಕೂತು ನೋಡಬೇಕಿತ್ತು.

ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದೆ. ಮಾರನೇ ದಿನ ಒಬ್ಬ ಹುಡುಗ ಬಂದ. ಬಂದವನೇ ಸ್ಪೀಡ್ ಟೆಸ್ಟ್ ಹಾಕಿದ. “ಸಾರ್, ಫುಲ್ ಬರ್ತಾ ಇದೆಯಲ್ಲ. ಆ ಸೈಟೇ ಸ್ಲೋ ಇರಬೇಕು.” ಅವನ ತಪ್ಪೇನಿಲ್ಲ, ಅವನಿಗೆ ಕಲಿಸಿದ್ದೇ ಅಷ್ಟು. ಸ್ಪೀಡ್ ಟೆಸ್ಟ್ ಹೇಳುವುದು ಒಂದೇ ಮಾತು: ಆ ಒಂದು ಸರ್ವರ್‌ಗೂ ನಿಮಗೂ ನಡುವೆ ದಾರಿ ಚೆನ್ನಾಗಿದೆ ಅಂತ. ಬೇರೆ ಸೈಟಿನ ಪುಟ ಎಲ್ಲಿ ನಿಂತಿದೆ ಅಂತ ಅದು ಹೇಳುವುದಿಲ್ಲ.

ಎಲ್ಲಿ ನಿಂತಿದೆ ಅನ್ನುವುದನ್ನು ಬ್ರೌಸರ್ ತಾನೇ ಹೇಳುತ್ತದೆ. ನಾವು ನೋಡುವುದಿಲ್ಲ, ಅಷ್ಟೆ. ಫೈರ್‌ಫಾಕ್ಸಿನಲ್ಲಿ ಪುಟ ತೆರೆಯುವಾಗ ಕೆಳಗಿನ ಎಡಮೂಲೆ ನೋಡಿ. ಮೊದಲು ‘ಲುಕಿಂಗ್ ಅಪ್’ ಅಂತ ಬರುತ್ತದೆ, ಅಂದರೆ ಸೈಟಿನ ಹೆಸರಿಗೆ ವಿಳಾಸ ಹುಡುಕುತ್ತಿದೆ. ಇದು ಡಿಎನ್‌ಎಸ್ ಕೆಲಸ. ಆಮೇಲೆ ‘ಕನೆಕ್ಟಿಂಗ್’. ಆಮೇಲೆ ‘ಟಿಎಲ್‌ಎಸ್ ಹ್ಯಾಂಡ್‌ಶೇಕ್’, ಸರ್ವರ್ ತನ್ನ ಗುರುತು ತೋರಿಸಿ, ಎರಡೂ ಕಡೆಯವರು ಗುಟ್ಟಿನ ಮಾತಿಗೆ ಒಪ್ಪುವ ಹಂತ. ಆಮೇಲೆ ‘ವೇಟಿಂಗ್’, ಕೊನೆಗೆ ‘ಟ್ರಾನ್ಸ್‌ಫರಿಂಗ್’. ಎಲ್ಲ ಚೆನ್ನಾಗಿದ್ದರೆ ಇವೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ನಿಂತಾಗ ಯಾವ ಮಾತಿನ ಮೇಲೆ ನಿಂತಿತು ಎಂದು ಬರೆದುಕೊಳ್ಳಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ನಮ್ಮ ಮನೆಯಲ್ಲಿ ತೊಂದರೆ ಕೊಟ್ಟ ಮೂರು ಸೈಟುಗಳೂ ‘ಟಿಎಲ್‌ಎಸ್ ಹ್ಯಾಂಡ್‌ಶೇಕ್’ ಮೇಲೇ ನಿಂತಿದ್ದವು.

ಇದನ್ನು ನೋಡುವ ಮೊದಲು ನಾನೂ ಎಲ್ಲರ ಹಾಗೆ ಸುಮ್ನೆ ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿದ್ದೆ. ಕ್ಯಾಶೆ, ಅಂದರೆ ಬ್ರೌಸರ್ ಕೂಡಿಟ್ಟ ಹಳೇ ಫೈಲುಗಳನ್ನು ಅಳಿಸಿದೆ. ಡಿಎನ್‌ಎಸ್ ಅನ್ನು ಗೂಗಲ್‌ನ 8.8.8.8ಕ್ಕೆ ಬದಲಾಯಿಸಿದೆ. ವೈಫೈ ಚಾನೆಲ್ 6ರಿಂದ 11ಕ್ಕೆ ಹಾಕಿದೆ. ಯಾವುದೂ ನಾಟಲಿಲ್ಲ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿದಾಗಲೂ ಪುಟ ಹಾಗೇ ನಿಂತಿತು. ಅಲ್ಲಿಗೆ ವೈಫೈ ಮೇಲಿನ ಅನುಮಾನ ಹೋಯಿತು. ನೆಟ್ಟಿನ ಹೊಸ ವಿಳಾಸ ಪದ್ಧತಿ ಐಪಿವಿ6 ಆಫ್ ಮಾಡಿದಾಗ ಒಂದು ಸೈಟ್ ತೆರೆಯಿತು, ಗೆದ್ದೆ ಅಂದುಕೊಂಡೆ. ಮರುದಿನ ಉಳಿದೆರಡು ಹಾಗೇ ನಿಂತಿದ್ದವು. ಈ ಅರ್ಧ ಗೆಲುವು ಒಂದು ದಿನ ದಾರಿ ತಪ್ಪಿಸಿತು.

ಹ್ಯಾಂಡ್‌ಶೇಕ್ ಅಂತ ಕಂಡ ಮೇಲೆ ಯೋಚನೆ ಬೇರೆ ಕಡೆ ತಿರುಗಿತು. ನೆಟ್ಟಿನಲ್ಲಿ ಮಾಹಿತಿ ಹೋಗುವುದು ಪ್ಯಾಕೆಟ್ ಅನ್ನುವ ತುಂಡುಗಳಾಗಿ. ಅದಕ್ಕೂ ಹಿಂದಿನ ಹಂತಗಳಲ್ಲಿ ಹೋಗಿಬರುವ ಪ್ಯಾಕೆಟ್‌ಗಳೆಲ್ಲ ಚಿಕ್ಕವು. ಹ್ಯಾಂಡ್‌ಶೇಕಿನಲ್ಲಿ ಸರ್ವರ್ ತನ್ನ ಸರ್ಟಿಫಿಕೇಟ್ ಕಳಿಸುತ್ತದೆ. ಅದು ಸಾಮಾನ್ಯವಾಗಿ 2ರಿಂದ 4 ಕಿಲೋಬೈಟ್. ಅಂದರೆ ಮೊದಲ ಬಾರಿಗೆ ತುಂಬಿದ ಪ್ಯಾಕೆಟ್‌ಗಳು ನಮ್ಮ ಕಡೆ ಹೊರಡುವುದು ಆಗಲೇ. ಚಿಕ್ಕವು ಬರುತ್ತಿವೆ, ದೊಡ್ಡವು ಬರುತ್ತಿಲ್ಲ.

ಮಂಡ್ಯ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ರೈಲ್ವೆ ಅಂಡರ್‌ಪಾಸ್ ಅಂದುಕೊಳ್ಳಿ, ಮುಂದೆ ಎತ್ತರದ ಲೋಡ್ ತಡೆಯಲು ಅಡ್ಡಕ್ಕೆ ಕಬ್ಬಿಣದ ತೊಲೆ ಹಾಕಿರುತ್ತಾರೆ. ಸೈಕಲ್ ಹೋಗುತ್ತದೆ, ಬೈಕ್ ಹೋಗುತ್ತದೆ. ಮೇಲಕ್ಕೆ ತುಂಬಿದ ಕಬ್ಬಿನ ಲೋಡ್ ಹೋಗುವುದಿಲ್ಲ. ಇಲ್ಲಿ ಲೋಡಿನ ಎತ್ತರ 1500 ಬೈಟ್, ಅದು ಈಥರ್ನೆಟ್ಟಿನ ಅಳತೆ. ನಮ್ಮ ಮನೆಯ ಫೈಬರ್ ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಡಯಲ್ ಮಾಡುವಂಥದ್ದು, ಪಿಪಿಪಿಒಇ ಅನ್ನುತ್ತಾರೆ. 1999ರಲ್ಲಿ ಬಂದ ಪದ್ಧತಿ. ಅದು ಪ್ರತಿ ಪ್ಯಾಕೆಟ್‌ನಲ್ಲೂ 8 ಬೈಟ್ ತನಗೆ ಇಟ್ಟುಕೊಳ್ಳುತ್ತದೆ. ಉಳಿಯುವುದು 1492. ತೊಲೆ ಇರುವುದು ಅಲ್ಲಿ.

ಲೋಡ್ ಸಿಕ್ಕಿಕೊಂಡರೆ ಯಾರಾದರೂ ಗದ್ದೆಗೆ ಹೋಗಿ “ಕಮ್ಮಿ ತುಂಬಿ” ಎಂದು ಹೇಳಬೇಕಲ್ವಾ? ನೆಟ್ಟಿನಲ್ಲಿ ಆ ಸುದ್ದಿ ಒಯ್ಯುವುದು ಐಸಿಎಂಪಿ. ಸುದ್ದಿ ಕೇಳಿ ಲೋಡ್ ಕಮ್ಮಿ ಮಾಡುವ ವ್ಯವಸ್ಥೆ 1990ರಿಂದಲೇ ಇದೆ. ಆದರೆ ಕೆಲವು ಸೈಟುಗಳ ಫೈರ್‌ವಾಲ್, ಅಂದರೆ ಕಾವಲಿನ ವ್ಯವಸ್ಥೆ, ಐಸಿಎಂಪಿಯನ್ನೇ ಒಳಗೆ ಬಿಡುವುದಿಲ್ಲ. ಸುದ್ದಿ ಮುಟ್ಟುವುದಿಲ್ಲ. ಸರ್ವರ್ ಮತ್ತೆ ಮತ್ತೆ ಅದೇ ಲೋಡ್ ಕಳಿಸುತ್ತದೆ, ಅದು ಮತ್ತೆ ಮತ್ತೆ ಅಲ್ಲೇ ಬೀಳುತ್ತದೆ. ನಮಗೆ ಕಾಣುವುದು ಚಕ್ರ ಮಾತ್ರ. ಕೆಲವು ಸೈಟ್ ಮಾತ್ರ ನಿಲ್ಲುವುದಕ್ಕೆ ಕಾರಣ ಇದೇ.

ಅಮ್ಮನ ಹರಿಕಥೆ ನಿಲ್ಲದೇ ಇದ್ದದ್ದಕ್ಕೂ ಉತ್ತರ ಸಿಕ್ಕಿತು. ಯೂಟ್ಯೂಬ್ ಹೆಚ್ಚಾಗಿ ಕ್ವಿಕ್ ಅನ್ನುವ ಹೊಸ ವಿಧಾನದಲ್ಲಿ ಬರುತ್ತದೆ. ಅದು ಸುಮಾರು 1200 ಬೈಟಿನ ಪ್ಯಾಕೆಟ್ ಇಟ್ಟುಕೊಂಡು ಶುರುಮಾಡುತ್ತದೆ, ದಾರಿ ಪರೀಕ್ಷಿಸದೆ ದೊಡ್ಡದು ಮಾಡುವುದಿಲ್ಲ. ತೊಲೆಯ ಕೆಳಗೆ ಆರಾಮಾಗಿ ನುಗ್ಗುತ್ತದೆ.

ಇದೆಲ್ಲ ಇನ್ನೂ ಊಹೆ. ಅಳೆದು ನೋಡಬೇಕಿತ್ತು. ವಿಂಡೋಸ್ ಕಮಾಂಡ್ ಪ್ರಾಂಪ್ಟಿನಲ್ಲಿ 1.1.1.1 ಅನ್ನುವ ವಿಳಾಸಕ್ಕೆ ಪಿಂಗ್ ಕೊಟ್ಟೆ, ಅಂದರೆ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ಎಂದು ನೋಡುವುದು. ಜೊತೆಗೆ ಎರಡು ಸ್ವಿಚ್: ಹೈಫನ್ ಎಫ್ ಅಂದರೆ ಪ್ಯಾಕೆಟ್ ಒಡೆಯಬೇಡ, ಹೈಫನ್ ಎಲ್ ಅಂದರೆ ಇಷ್ಟು ಗಾತ್ರ. ಎರಡೂ ಚಿಕ್ಕಕ್ಷರ. ಗಾತ್ರ 1472 ಕೊಟ್ಟೆ, ಅದಕ್ಕೆ ವಿಳಾಸ ಹೊತ್ತ ತಲೆಭಾಗ, ಅಂದರೆ ಹೆಡರ್, 28 ಸೇರಿದರೆ 1500. ಒಡೆಯದೆ ಕಳಿಸಲಾಗದು ಎಂದು ರೂಟರ್ ಹೇಳಿತು. 1464 ಕೊಟ್ಟೆ, ಉತ್ತರ ಬಂತು. 1465, ಇಲ್ಲ. 1464ಕ್ಕೆ 28 ಕೂಡಿಸಿ: ಸರಿಯಾಗಿ 1492.

ಆದರೆ ತೊಲೆ ಇದ್ದ ಮಾತ್ರಕ್ಕೆ ತಪ್ಪು ಅಂತ ಅಲ್ಲ. ಪಿಪಿಪಿಒಇ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಇದೇ 1492 ಇರುತ್ತದೆ, ಅವರ ಪುಟಗಳು ನಿಲ್ಲುವುದಿಲ್ಲ. ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿದೆ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಲ್ಯಾಪ್‌ಟಾಪಿನ ಎಂಟಿಯು, ಅಂದರೆ ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಅದನ್ನೇ ನೆಟ್‌ಶೆಲ್ ಕಮಾಂಡಿನಿಂದ ತಾತ್ಕಾಲಿಕವಾಗಿ 1400ಕ್ಕೆ ಇಳಿಸಿದೆ. ಹಾಗೆ ಮಾಡಿದರೆ ಕನೆಕ್ಷನ್ ಶುರುವಿನಲ್ಲೇ ಲ್ಯಾಪ್‌ಟಾಪ್ ಸರ್ವರಿಗೆ “ನನಗೆ ಇಷ್ಟೇ ತುಂಬಿ ಕಳಿಸು” ಎಂದು ಹೇಳುತ್ತದೆ. ನಿಂತಿದ್ದ ಪುಟಕ್ಕೆ ರಿಫ್ರೆಶ್ ಕೊಟ್ಟೆ. ಥಟ್ಟನೆ ತೆರೆಯಿತು. ಮೂರೂ ತೆರೆದವು. ಮಗಳನ್ನು ಕೂಗಿ ತೋರಿಸಿದೆ.

ಆ “ಇಷ್ಟೇ ತುಂಬು” ಅನ್ನುವ ಮಾತನ್ನು ಮನೆಯ ಎಲ್ಲ ಫೋನು, ಲ್ಯಾಪ್‌ಟಾಪುಗಳ ಪರವಾಗಿ ರೂಟರೇ ಹೇಳಬೇಕು. ಅದಕ್ಕೆ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎನ್ನುತ್ತಾರೆ. ನಮ್ಮ ರೂಟರ್ ಹೇಳುತ್ತಿರಲಿಲ್ಲ. ಯಾಕೆ ಎಂದು ಹುಡುಕುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ನನ್ನದೇ ಕೈಕೆಲಸ. ಮಹಡಿಯ ಕೋಣೆಗೆ ವೈಫೈ ಸಿಗುತ್ತಿರಲಿಲ್ಲ. ಎರಡು ವಾರದ ಹಿಂದಿನ ಭಾನುವಾರ ಕಂಪನಿಯವರ ಡಬ್ಬವನ್ನು ಸುಮ್ಮನೆ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿ, ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಸಾಫ್ಟ್‌ವೇರ್ ಇರುವ ನನ್ನ ರೂಟರಿನಿಂದಲೇ ಡಯಲ್ ಮಾಡಿಸಿದ್ದೆ. ಅದರಲ್ಲಿ ಹೊರಗಿನ ನೆಟ್ಟಿಗೆ ಅಂತ ಮೊದಲೇ ಇರುವ ‘ವ್ಯಾನ್’ ಝೋನಿಗೆ, ಅಂದರೆ ವಿಭಾಗಕ್ಕೆ, ಕ್ಲ್ಯಾಂಪಿಂಗ್ ಟಿಕ್ ಆಗಿಯೇ ಇರುತ್ತದೆ. ನಾನು ಫೈಬರಿಗೆ ಅಂತ ಬೇರೆ ಝೋನ್ ಮಾಡಿದ್ದೆ, ಟಿಕ್ ಹಾಕಿರಲಿಲ್ಲ. ನೆಟ್ವರ್ಕ್, ಫೈರ್‌ವಾಲ್, ಆ ಝೋನ್, ‘ಎಂಎಸ್‌ಎಸ್ ಕ್ಲ್ಯಾಂಪಿಂಗ್’ ಚೌಕ. ಟಿಕ್ ಹಾಕಿ ಸೇವ್ ಮಾಡಿದೆ. ಲ್ಯಾಪ್‌ಟಾಪಿನ ಎಂಟಿಯು ವಾಪಸ್ 1500 ಮಾಡಿದೆ. ಐಪಿವಿ6 ಕೂಡ ಮತ್ತೆ ಆನ್ ಮಾಡಿದೆ. ಎಲ್ಲಾ ಸೈಟ್ ತೆರೆದವು. ಈಗ ರೂಟರ್ ಐಪಿವಿ4ಕ್ಕೆ 1452, ಐಪಿವಿ6ಕ್ಕೆ 1432 ಎಂದು ಹೇಳುತ್ತಿದೆ, 1492ರಲ್ಲಿ ಹೆಡರ್‌ಗಳನ್ನು ಕಳೆದರೆ ಉಳಿಯುವ ಲೆಕ್ಕ.

ಕಂಪನಿಯವರು ಕೊಟ್ಟ ರೂಟರುಗಳಲ್ಲಿ ಈ ಚೌಕ ಕಾಣದೇ ಇರಬಹುದು. ಅಲ್ಲಿ ವ್ಯಾನ್ ಸೆಟ್ಟಿಂಗಿನಲ್ಲಿ ಎಂಟಿಯು ಅಂತ ಒಂದು ಅಂಕಿ ಇರುತ್ತದೆ. ಪಿಪಿಪಿಒಇ ಆಗಿದ್ದು ಅದು 1500 ಎಂದಿದ್ದರೆ, 1492 ಹಾಕಿ ನೋಡಿ. ಮೊದಲಿದ್ದ ಅಂಕಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಹೋದ ತಿಂಗಳು ಮಂಡ್ಯದ ವಿದ್ಯಾನಗರದಿಂದ ಭಾವ ಫೋನ್ ಮಾಡಿದರು. ಅವರಿಗೂ ಪುಟಗಳು ನಿಲ್ಲುತ್ತಿದ್ದವಂತೆ. “1492 ಹಾಕಲಾ?” ಎಂದರು. “ಬೇಡಿ ಭಾವ, ಮೊದಲು ಎಡಮೂಲೆಯಲ್ಲಿ ಏನು ಬರೆದಿದೆ ನೋಡಿ ಹೇಳಿ” ಎಂದೆ. ‘ಲುಕಿಂಗ್ ಅಪ್’ ಎಂದು ಓದಿದರು. ಸಂಜೆ ರೈಲು ಹತ್ತುವ ಮೊದಲು ಅವರ ಮನೆಗೆ ಹೋದೆ. ರೂಟರಿನಲ್ಲಿ ಎರಡು ಡಿಎನ್‌ಎಸ್ ವಿಳಾಸ ಇದ್ದವು. ಮೊದಲನೆಯದು ಹಳೇ ಕನೆಕ್ಷನ್ನಿನದು, ಈಗ ಉತ್ತರವನ್ನೇ ಕೊಡುತ್ತಿರಲಿಲ್ಲ. ಪ್ರತಿ ಸಲ ಅದಕ್ಕೆ ಕಾದು, ಬೇಸತ್ತು ಎರಡನೆಯದಕ್ಕೆ ಹೋಗುತ್ತಿತ್ತು. ಮೊದಲನೆಯದನ್ನು ಅಳಿಸಿದೆ. ಅಕ್ಕ ಕಾಫಿ ತರುವಷ್ಟರಲ್ಲಿ ಭಾವ ಪಹಣಿ ಪುಟ ತೆರೆದು ಸರ್ವೆ ನಂಬರ್ ಹಾಕುತ್ತಿದ್ದರು.