ಒಂದೇ ಬೆಲೆ, ಎರಡು ಎಸ್‌ಯುವಿ: ಯಾವುದು ನಿಮ್ಮ ಮನೆಗೆ?

ಹತ್ತಾರು ಗಾಡಿ ನೋಡಿ, ಬಂಧುಬಳಗವನ್ನೆಲ್ಲ ಕೇಳಿ, ಕೊನೆಗೆ ಪಟ್ಟಿಯಲ್ಲಿ ಎರಡೇ ಉಳಿದಿವೆ. ಎರಡೂ ಎಸ್‌ಯುವಿ. ಬೆಲೆಯೂ ಹೆಚ್ಚುಕಡಿಮೆ ಒಂದೇ. ತಮಾಷೆ ಎಂದರೆ, ಆಯ್ಕೆ ನಿಜವಾಗಿ ಕಷ್ಟವಾಗುವುದು ಇಲ್ಲೇ. ಬೆಲೆಯಲ್ಲಿ ಅಂತರ ಇದ್ದಿದ್ದರೆ ಜೇಬೇ ತೀರ್ಮಾನ ಮಾಡಿಬಿಡುತ್ತಿತ್ತು. ಈಗ ಒಂದರಲ್ಲಿ ಸನ್‌ರೂಫ್ ದೊಡ್ಡದು, ಇನ್ನೊಂದರಲ್ಲಿ ಸ್ಕ್ರೀನ್ ದೊಡ್ಡದು ಎಂದು ರಾತ್ರಿ ಹನ್ನೊಂದರವರೆಗೆ ಚರ್ಚೆ.

ಎರಡು ಬ್ರೋಷರ್ ಪಕ್ಕಪಕ್ಕ ಇಟ್ಟುಕೊಂಡು ಟಿಕ್ ಹಾಕುತ್ತಾ ಹೋದರೆ ಈ ಚರ್ಚೆ ಮುಗಿಯುವುದಿಲ್ಲ. ಒಂದೇ ಬೆಲೆಯ ಗಾಡಿಗಳನ್ನು ಕಂಪನಿಗಳು ಒಂದನ್ನೊಂದು ನೋಡಿಕೊಂಡೇ ಮಾಡಿರುತ್ತವೆ. ಟಿಕ್ಕುಗಳು ಕೊನೆಗೆ ಸಮ ಬರುತ್ತವೆ. ಅಂತರ ಕಾಣುವುದು ಗಾಡಿಯನ್ನು ನಿಮ್ಮ ಮನೆಯ ದಿನಚರಿಯೊಳಗೆ ನಿಲ್ಲಿಸಿ ನೋಡಿದಾಗ.

ಮೊದಲು ಒಂದು ವಾರದ ಲೆಕ್ಕ

ಶೋರೂಮಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ವಾರ ಯಾರು ಯಾರು ಎಲ್ಲಿಗೆ ಹೋದರು, ಎಷ್ಟು ಕಿಲೋಮೀಟರ್, ಜೊತೆಗೆ ಏನೇನು ಸಾಮಾನಿತ್ತು ಎಂದು ಬರೆಯಿರಿ. ಗುಡ್ಡ ಹತ್ತುವ ಕನಸು ಬೇಡ, ನಡೆದದ್ದನ್ನು ಬರೆಯಿರಿ. ಏಳು ಸೀಟು ಬೇಕೇ ಬೇಕು ಎಂದು ನಮ್ಮ ಮನೆಯಲ್ಲಿ ಪಟ್ಟು ಹಿಡಿದವನು ನಾನೇ. ಲೆಕ್ಕ ಹಾಕಿ ನೋಡಿದರೆ ವರ್ಷವಿಡೀ ಏಳು ಜನ ಒಟ್ಟಿಗೆ ಹೋದದ್ದು ನಾಲ್ಕೇ ಸಲ. ವಾರಕ್ಕೆ ಐದು ದಿನ ಗಾಡಿಯಲ್ಲಿ ಇರುತ್ತಿದ್ದದ್ದು ಒಬ್ಬರು, ಹೆಚ್ಚೆಂದರೆ ಇಬ್ಬರು.

ಹಾಳೆಯ ಕೆಳಗೆ, ಇದಿಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವ ಮೂರು ವಿಷಯ ಬರೆಯಿರಿ. ಮೂರೇ. ಹತ್ತು ಬರೆದರೆ ಅದೂ ಇನ್ನೊಂದು ಬ್ರೋಷರ್ ಆಗುತ್ತದೆ.

ಅಳತೆ ಟೇಪ್ ಜೇಬಿನಲ್ಲಿರಲಿ

ಶೋರೂಮಿನಲ್ಲಿ ಟೇಪ್ ತೆಗೆದರೆ ಸೇಲ್ಸ್‌ನವರು ಒಂಥರಾ ನೋಡುತ್ತಾರೆ. ನೋಡಲಿ ಬಿಡಿ. ಮೊದಲು ಅಗಲ. ಬ್ರೋಷರಿನ ಅಗಲದಲ್ಲಿ ಸಾಮಾನ್ಯವಾಗಿ ಪಕ್ಕದ ಕನ್ನಡಿಗಳು ಸೇರಿರುವುದಿಲ್ಲ. ಗಾಡಿ ನಿಲ್ಲಿಸುವ ಜಾಗವನ್ನು ಮನೆಯಲ್ಲೇ ಅಳೆದುಕೊಂಡು ಹೋಗಿ. ಗಾಡಿ ಒಳಗೆ ಹೋದರೆ ಸಾಲದು, ಬಾಗಿಲು ತೆಗೆದು ಜನ ಇಳಿಯಬೇಕಲ್ವಾ?

ಆಮೇಲೆ ಹಿಂದಿನ ಸೀಟು. ಡ್ರೈವರ್ ಸೀಟನ್ನು ನಿಮಗೆ ಹೊಂದುವ ಹಾಗೆ ಸರಿಮಾಡಿ, ಇಳಿದು, ಅದರ ಹಿಂದೆಯೇ ಹೋಗಿ ಕೂರಿ. ಶೋರೂಮಿನಲ್ಲಿ ಎಷ್ಟೋ ಸಲ ಮುಂದಿನ ಸೀಟನ್ನು ಮುಂದಕ್ಕೆ ಎಳೆದಿಟ್ಟಿರುತ್ತಾರೆ, ಹಿಂದೆ ಜಾಗ ಧಾರಾಳವಾಗಿ ಕಾಣುತ್ತದೆ. ತೊಡೆ ಸೀಟಿನ ಮೇಲೆ ಪೂರ್ತಿ ಊರುತ್ತದೆಯಾ, ಇಲ್ಲ ಮಂಡಿ ಮೇಲೆದ್ದು ಕುಕ್ಕರುಗಾಲಲ್ಲಿ ಕೂತ ಹಾಗಾಗುತ್ತದೆಯಾ ನೋಡಿ. ಹಾಗಾದರೆ ದೂರದ ಪ್ರಯಾಣದಲ್ಲಿ ಸೊಂಟ ಹಿಡಿದುಕೊಳ್ಳುವುದು ಖಂಡಿತ. ಮೂವರು ದೊಡ್ಡವರನ್ನು ಒಟ್ಟಿಗೆ ಕೂರಿಸಿ ಐದು ನಿಮಿಷ ಹಾಗೇ ಬಿಡಿ. ಭುಜಕ್ಕೆ ಭುಜ ಒತ್ತುವುದು ಎರಡನೇ ನಿಮಿಷಕ್ಕೆ ಗೊತ್ತಾಗುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಕರೆದುಕೊಂಡೇ ಹೋಗಿ. ನಾನು ಒಂದು ಗಾಡಿಯನ್ನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಅಮ್ಮನ ಜೊತೆ ಹೋಗಿದ್ದೆ. ಅಮ್ಮ ಬಾಗಿಲು ತೆಗೆದು ಒಂದು ಕಾಲು ಎತ್ತಿ ಒಳಗಿಟ್ಟರು. ಇನ್ನೊಂದನ್ನು ಎಳೆದುಕೊಳ್ಳಲು ಏನಾದರೂ ಹಿಡಿಯಬೇಕು. ಕೈ ಅತ್ತಿತ್ತ ತಡಕಾಡಿತು. ಮೇಲಿನ ಹಿಡಿಕೆ ಎಟುಕಲಿಲ್ಲ. ಮುಂದಿನ ಸೀಟಿನ ಹೆಡ್‌ರೆಸ್ಟ್ ಹಿಡಿದು ಹೇಗೋ ಹತ್ತಿದರು. ‘ಚೆನ್ನಾಗಿದೆ ಕಣೋ’ ಅಂದರು. ಇಳಿಯುವಾಗ ಮಾತ್ರ ಮಾತಿಲ್ಲ. ಎರಡನೇ ಗಾಡಿಯ ಸೀಟು ನಾಲ್ಕು ಬೆರಳು ತಗ್ಗು. ಅದರಲ್ಲಿ ಮೊದಲು ಕೂತು, ಆಮೇಲೆ ತಿರುಗಿ ಎರಡೂ ಕಾಲು ಒಳಗೆಳೆದುಕೊಂಡರು. ನನ್ನ ಹಾಳೆಯ ಮೂರು ಸಾಲಿನಲ್ಲಿ ಒಂದು ಅವತ್ತೇ ಬದಲಾಯಿತು.

ಡಿಕ್ಕಿಯ ಲೀಟರ್ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಜರ್ಮನಿಯ ಕಾರು ತಯಾರಕರ ಸಂಘ ವಿಡಿಎಯ ಪದ್ಧತಿಯಲ್ಲಿ 200×100×50 ಮಿಲಿಮೀಟರ್ ಅಳತೆಯ, ಅಂದರೆ ಸರಿಯಾಗಿ 1 ಲೀಟರಿನ, ತುಂಡುಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿ ಎಷ್ಟು ಹಿಡಿಸುತ್ತವೆ ಎಂದು ಎಣಿಸುತ್ತಾರೆ. ಒಂದು ಗಾಡಿಯ ಅಂಕಿ ಸೀಟಿನ ಬೆನ್ನಿನ ಎತ್ತರದವರೆಗಿನದ್ದು, ಇನ್ನೊಂದರದ್ದು ಚಾವಣಿಯವರೆಗಿನದ್ದು ಆಗಿರಬಹುದು. ಅದೂ ಅಲ್ಲದೆ ನಿಮ್ಮ ಸೂಟ್‌ಕೇಸ್ ಇಟ್ಟಿಗೆಯಷ್ಟು ಚಿಕ್ಕದಲ್ಲ. ಮನೆಯ ದೊಡ್ಡ ಸೂಟ್‌ಕೇಸನ್ನೋ ಮಗುವಿನ ತಳ್ಳುಗಾಡಿಯನ್ನೋ ಹೊತ್ತುಕೊಂಡೇ ಹೋಗಿ, ಇಟ್ಟು, ಬಾಗಿಲು ಮುಚ್ಚಿ ನೋಡಿ. ಏಳು ಸೀಟಿನದ್ದಾದರೆ ಮೂರನೇ ಸಾಲನ್ನು ಎತ್ತಿ ನಿಲ್ಲಿಸಿ ಇನ್ನೊಮ್ಮೆ. ಡಿಕ್ಕಿಯ ನೆಲವನ್ನೂ ಎತ್ತಿ. ಅಲ್ಲಿ ಪೂರ್ತಿ ಅಳತೆಯ ಸ್ಟೆಪ್ನಿ ಇದೆಯಾ, ಸಣ್ಣದಿದೆಯಾ, ಬರೀ ಪಂಕ್ಚರ್ ಕಿಟ್ ಇದೆಯಾ ಎಂದು ಈಗಲೇ ಗೊತ್ತಾಗಲಿ.

ಹೆಚ್ಚಿನವರು ಕೇಳದ ಪ್ರಶ್ನೆ ಒಂದಿದೆ: ಈ ಗಾಡಿ ಎಷ್ಟು ಭಾರ ಹೊರಬಹುದು? ಗಾಡಿಯ ಸ್ವಂತ ತೂಕವನ್ನು, ತುಂಬಿದಾಗ ಮೀರಬಾರದ ಒಟ್ಟು ತೂಕದಿಂದ ಕಳೆಯಿರಿ. ಉದಾಹರಣೆಗೆ 2,250ರಲ್ಲಿ 1,700 ಕಿಲೋ ಹೋದರೆ ಉಳಿಯುವುದು 550. ತಲಾ 65 ಕಿಲೋದ ಏಳು ಜನ ಕೂತರೆ 455. ಸಾಮಾನಿಗೆ ಮಿಕ್ಕಿದ್ದು 95 ಕಿಲೋ, ಚಾವಣಿಯ ಮೇಲೆ ಕಟ್ಟಿದ್ದೂ ಅದರಲ್ಲೇ ಸೇರಿತು. ಏಳು ಸೀಟಿರುವುದು ಬೇರೆ, ಏಳು ಜನ ಗಂಟುಮೂಟೆ ಸಮೇತ ಹೋಗುವುದು ಬೇರೆ.

ಸ್ಟಾರ್ ಎಣಿಸುವ ಮುಂಚೆ ವರ್ಷ ನೋಡಿ

ಸುರಕ್ಷತಾ ಪರೀಕ್ಷೆಯಲ್ಲಿ ಎರಡಕ್ಕೂ ಐದು ಸ್ಟಾರ್ ಇದೆ ಎಂದಾಕ್ಷಣ ಎರಡೂ ಸಮ ಎಂದುಕೊಳ್ಳಬೇಡಿ. ಯುರೋಪಿನಲ್ಲಿ ಈ ಸ್ಟಾರ್ ಕೊಡುವ ಸಂಸ್ಥೆ ಯುರೋ ಎನ್‌ಕ್ಯಾಪ್ 1997ರಿಂದ ಗಾಡಿಗಳನ್ನು ಗುದ್ದಿಸಿ ನೋಡುತ್ತಿದೆ, ನಿಯಮವನ್ನು ಆಗಾಗ ಬಿಗಿ ಮಾಡುತ್ತಲೇ ಬಂದಿದೆ. 2020ರಿಂದ ಮುಖಾಮುಖಿ ಪರೀಕ್ಷೆಯಲ್ಲಿ ಗಾಡಿಯೂ, ಎದುರಿನಿಂದ ಬರುವ 1,400 ಕಿಲೋದ ಟ್ರಾಲಿಯೂ ತಲಾ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗುದ್ದಿಕೊಳ್ಳುತ್ತವೆ. ಅದಕ್ಕೂ ಹಿಂದಿನ ಐದು ಸ್ಟಾರ್, ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಬಂದ ಅಂಕ. ಯಾವ ಸಂಸ್ಥೆ, ಯಾವ ವರ್ಷ, ಯಾವ ವೇರಿಯಂಟ್ ಎಂಬ ಮೂರನ್ನೂ ನೋಡಿ. ಪರೀಕ್ಷೆಗೆ ಹೋದ ಗಾಡಿಯಲ್ಲಿದ್ದ ಏರ್‌ಬ್ಯಾಗುಗಳು ನೀವು ಕೊಳ್ಳುವ ವೇರಿಯಂಟಿನಲ್ಲಿ ಇರಬೇಕು.

ಮಿಕ್ಕಿದ್ದನ್ನು ಕೈಯಿಂದಲೇ ಪರೀಕ್ಷಿಸಬಹುದು. ಹಿಂದಿನ ಸೀಟಿನ ನಡುವೆ ಕೂರುವವರಿಗೆ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯಾ? ಈ ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ, ಅದು ಗಾಡಿಗೆ ಬಂದದ್ದು 1959ರಲ್ಲಿ. ಇಷ್ಟು ವರ್ಷದ ಮೇಲೂ ನಡುವಿನ ಸೀಟಿಗೆ ಬರೀ ಸೊಂಟದ ಪಟ್ಟಿ ಕೊಟ್ಟಿದ್ದರೆ, ನನ್ನ ಮಟ್ಟಿಗೆ ಆ ಗಾಡಿ ಪಟ್ಟಿಯಿಂದ ಹೊರಗೆ. ಮಗುವಿನ ಸೀಟಿಗೆ ಐಸೋಫಿಕ್ಸ್ ಕೊಂಡಿಗಳು ಬೆರಳಿಗೆ ಸಲೀಸಾಗಿ ಸಿಗುತ್ತವೆಯಾ? ಪಕ್ಕದ ಕಿಟಕಿಗೆ ಪರದೆಯ ಹಾಗೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಮೂರನೇ ಸಾಲಿನವರೆಗೂ ಬರುತ್ತದೆಯಾ? ಗಾಡಿ ಜಾರದಂತೆ ಹಿಡಿಯುವ ಇಎಸ್‌ಸಿ ನಿಮ್ಮ ವೇರಿಯಂಟಿನಲ್ಲೂ ಇದೆಯಾ? ಇವಕ್ಕೆಲ್ಲ ಹೌದು ಅಂದ ಮೇಲೆ ಸನ್‌ರೂಫ್ ಮಾತು.

ಎಂಜಿನ್, ಗೇರ್, ಚಕ್ರ

ಇದನ್ನು ಬೇಗ ಮುಗಿಸೋಣ, ಯಾಕೆಂದರೆ ಉತ್ತರ ನಿಮ್ಮ ಹಾಳೆಯಲ್ಲೇ ಇದೆ. ದಿನಕ್ಕೆ ಐದಾರು ಕಿಲೋಮೀಟರಿನ ಓಡಾಟವಷ್ಟೇ ಆದರೆ ಡೀಸೆಲ್ ಬೇಡ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಚೆನ್ನಾಗಿ ಕಾದರೆ ಮಾತ್ರ ಮಸಿ ಸುಡುತ್ತದೆ. ಗಿಡ್ಡ ಓಡಾಟದಲ್ಲಿ ಅದು ಕಾಯುವಷ್ಟರಲ್ಲಿ ನೀವು ಮನೆಗೆ ಬಂದಿರುತ್ತೀರಿ. ನಿಂತು ನಿಂತು ಸಾಗುವ ಟ್ರಾಫಿಕ್ಕಿನಲ್ಲಿ, ಎಂಜಿನ್ ಜೊತೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್‌ಗೆ ಲಾಭ, ಹೆದ್ದಾರಿಯಲ್ಲಿ ಆ ಲಾಭ ಕಡಿಮೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಕೆಸರಿನಿಂದ ಮೇಲೆ ಬರಲು ಸಹಾಯ ಮಾಡುತ್ತದೆ, ಬ್ರೇಕ್ ಹಾಕಿದಾಗ ಬೇಗ ನಿಲ್ಲಿಸುವುದಿಲ್ಲ. ಕೆಸರೇ ಇಲ್ಲದವರು ಸುಮ್ನೆ ಅದರ ಭಾರ ಹೊತ್ತು ತಿರುಗಬೇಕಷ್ಟೆ.

ದೊಡ್ಡ ಚಕ್ರದ ಮೋಹದ ಬಗ್ಗೆ ಒಂದು ಮಾತು. ಟೈರಿನ ಮೇಲೆ 235/60 ಆರ್17 ಎಂದಿದ್ದರೆ, ಅಗಲ 235 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 60, ಅಂದರೆ 141; ಕೊನೆಯ 17 ಎಂಬುದು ಟೈರು ಕೂರುವ ರಿಮ್ಮಿನ ಇಂಚು. ಅದೇ ಗಾಡಿಗೆ 235/50 ಆರ್19 ಹಾಕಿದರೆ ಆ ಗೋಡೆ 117.5 ಮಿಲಿಮೀಟರಿಗೆ ಇಳಿಯುತ್ತದೆ. ರಸ್ತೆಯ ಗುಂಡಿಗೂ ನಿಮ್ಮ ಬೆನ್ನಿಗೂ ನಡುವಿನ ರಬ್ಬರು ಒಂದು ಬೆರಳಿಗಿಂತ ತುಸು ಹೆಚ್ಚೇ ಕಡಿಮೆ ಆಯಿತು. ಟೈರು ಬದಲಿಸುವಾಗ ಖರ್ಚೂ ಸಾಮಾನ್ಯವಾಗಿ ಜಾಸ್ತಿ.

ಟೆಸ್ಟ್ ಡ್ರೈವ್ ಒಂದೇ ದಿನ, ಒಂದೇ ದಾರಿ

ಒಂದನ್ನು ಈ ಭಾನುವಾರ, ಇನ್ನೊಂದನ್ನು ಮುಂದಿನ ಭಾನುವಾರ ಓಡಿಸಿದರೆ ಹೋಲಿಕೆ ಆಗುವುದಿಲ್ಲ. ಎರಡನ್ನೂ ಒಂದೇ ದಿನ, ಒಂದೇ ದಾರಿಯಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಿಸಿ. ಎಸಿ ಜೋರಾಗಿಟ್ಟು ಏರು ಹತ್ತಿಸಿ. ಹಂಪ್ ದಾಟುವಾಗ ಹಿಂದೆ ಕೂತವರ ಮುಖ ಕನ್ನಡಿಯಲ್ಲಿ ನೋಡಿ. ಆಟೋಮ್ಯಾಟಿಕ್ ಆದರೆ ಗಾಡಿಗಳ ಸಾಲಿನಲ್ಲಿ ಆಮೆಯ ಹಾಗೆ ತೆವಳಿಸಿ, ಎರಡು ಕ್ಲಚ್ ಇಟ್ಟು ತಾನೇ ಗೇರ್ ಬದಲಿಸುವ ಡಬಲ್ ಕ್ಲಚ್ ಗೇರ್‌ಬಾಕ್ಸಿನ ಕುಲುಕಾಟ ಇದ್ದರೆ ತಿಳಿಯುವುದು ಅಲ್ಲೇ. ಮನೆಯಲ್ಲಿ ಗಿಡ್ಡಗಿರುವವರು ಸ್ಟೇರಿಂಗ್ ಹಿಡಿದು ರಿವರ್ಸ್ ತೆಗೆಯಲಿ, ಕ್ಯಾಮೆರಾ ನೋಡದೆ.

ಓಡುತ್ತಿರುವಾಗ ಎಸಿಯ ಗಾಳಿ ಕಡಿಮೆ ಮಾಡಲು ಪ್ರಯತ್ನಿಸಿ. ಗುಂಡಿ ಒತ್ತಿದರೆ ಆಗುತ್ತದೆಯಾ, ಇಲ್ಲ ಸ್ಕ್ರೀನಿನಲ್ಲಿ ಮೂರು ಕಡೆ ಮುಟ್ಟಬೇಕಾ? ನನಗಂತೂ ಗುಂಡಿಯೇ ಇಷ್ಟ. ಹಳೇ ಕಾಲದವನು ಅನ್ನಿ, ಪರವಾಗಿಲ್ಲ. ಕಣ್ಣು ರಸ್ತೆಯ ಮೇಲಿರುತ್ತದೆ.

ಐದು ವರ್ಷದ ಖರ್ಚು

ಕೊಳ್ಳುವ ಬೆಲೆ ಒಂದೇ ಆದರೂ ಇಟ್ಟುಕೊಳ್ಳುವ ಖರ್ಚು ಒಂದೇ ಇರುವುದಿಲ್ಲ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ ಮನೆಯಲ್ಲಿ, ಲೀಟರಿಗೆ 15 ಕೊಡುವ ಗಾಡಿ 800 ಲೀಟರ್ ಕುಡಿಯುತ್ತದೆ, 17 ಕೊಡುವುದು ಸುಮಾರು 706. ಐದು ವರ್ಷಕ್ಕೆ ಅಂತರ 470 ಲೀಟರ್. ಇದರ ಪಕ್ಕದಲ್ಲಿ ವಿಮೆ, ಸರ್ವಿಸ್, ಒಂದು ಸೆಟ್ ಟೈರು, ಮಾರುವಾಗ ಸಿಗುವ ಬೆಲೆ ಬರೆಯಿರಿ. ವಾರಂಟಿ ಎಷ್ಟು ವರ್ಷ ಎಂದಷ್ಟೇ ಕೇಳದೆ ಏನೇನು ಸೇರುವುದಿಲ್ಲ ಎಂದು ಕೇಳಿ. ಸರ್ವಿಸ್ ಸೆಂಟರಿಗೆ ಒಂದು ಬೆಳಿಗ್ಗೆ ಸುಮ್ಮನೆ ಹೋಗಿ, ಗಾಡಿ ಬಿಡಲು ಬಂದವರನ್ನು ಮಾತಾಡಿಸಿ. ಹತ್ತು ನಿಮಿಷದಲ್ಲಿ ಸಿಗುವ ಮಾಹಿತಿ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಇಷ್ಟಾದ ಮೇಲೂ ತಕ್ಕಡಿ ಅಲ್ಲಾಡದೆ ನಿಂತರೆ, ದಿನಾ ಓಡಿಸುವವರು ಯಾರೋ ಅವರು ಹೇಳಿದ ಗಾಡಿ. ನಮ್ಮ ಮನೆಯಲ್ಲಿ ಅದು ನಾನಲ್ಲ, ನನ್ನ ಹೆಂಡತಿ.

ಹಣ ಪೂರ್ತಿ ಕಟ್ಟಿ ಕೀಲಿ ತೆಗೆದುಕೊಳ್ಳುವ ಮುಂಚೆ ಒಮ್ಮೆ ಬಗ್ಗಿ ಟೈರಿನ ಪಕ್ಕ ನೋಡಿ. DOT (ಡಾಟ್) ಎಂಬ ಇಂಗ್ಲಿಷ್ ಅಕ್ಷರಗಳಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದ ಟೈರು. ಗಾಡಿ ಎಷ್ಟು ದಿನ ಅಂಗಳದಲ್ಲಿ ನಿಂತಿತ್ತು ಎಂಬುದರ ಅಂದಾಜು ಇದರಿಂದ ಸಿಗುತ್ತದೆ. ಕೆಲವು ಟೈರಿನಲ್ಲಿ ಈ ಅಂಕಿ ಒಳಮೈ ಕಡೆ ಇರುತ್ತದೆ, ಮೊಬೈಲ್ ಟಾರ್ಚ್ ಹಾಕಿ ಹುಡುಕಬೇಕು.