ಕಾದಂಬರಿಯ ಜಮಾ-ಖರ್ಚು

ಸಹಕಾರ ಸಂಘಗಳ ಲೆಕ್ಕಪರಿಶೋಧನೆ ಮಾಡಿಕೊಂಡೇ ನೌಕರಿ ಮುಗಿಸಿದವನು ನಾನು. ಹಾಲಿನ ಡೇರಿ, ಪತ್ತಿನ ಸಂಘ, ಸೊಸೈಟಿ ಅಂತ ಊರೂರು ಸುತ್ತಿ ನಗದು ಪುಸ್ತಕ, ಖಾತೆ ಪುಸ್ತಕ, ವೋಚರು ತಿರುವಿದ್ದೇ ಬದುಕು. ನಿವೃತ್ತಿಯಾದ ಮೇಲೆ ಕತೆ, ಕಾದಂಬರಿ ಓದುವುದು ಹೆಚ್ಚಾಯಿತು. ಕಣ್ಣಿನ ಅಭ್ಯಾಸ ಮಾತ್ರ ಹೋಗಲಿಲ್ಲ. ಯಾವ ಪುಸ್ತಕ ಹಿಡಿದರೂ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಕಾಲಂ ಎಳೆದುಕೊಳ್ಳುತ್ತೇನೆ. ಈ ಮನೆಗೆ ದುಡ್ಡು ಎಲ್ಲಿಂದ ಬರುತ್ತಿದೆ, ಯಾರ ಕೈಯಿಂದ ಹೋಗುತ್ತಿದೆ, ಯಾರು ಯಾರಿಗೆ ಬಾಕಿ. ಓದುತ್ತಾ ಓದುತ್ತಾ ಪುಟಸಂಖ್ಯೆ ತುಂಬಿಸುತ್ತಾ ಹೋಗುತ್ತೇನೆ.

ಕಾಲಂ ಖಾಲಿ ಉಳಿದರೆ ಆ ಪುಸ್ತಕದ ಮೇಲೆ ನನಗೆ ಅನುಮಾನ ಶುರು. ಎಷ್ಟು ಕಾದಂಬರಿಗಳಲ್ಲಿ ನಾಯಕ ಕಾಫಿ ಕುಡಿಯುತ್ತಾನೆ, ರೈಲು ಹತ್ತುತ್ತಾನೆ, ಲಾಡ್ಜಿನಲ್ಲಿ ಮಲಗಿ ಬದುಕಿನ ಅರ್ಥ ಹುಡುಕುತ್ತಾನೆ! ಲಾಡ್ಜಿನ ಬಿಲ್ಲು ಯಾರು ಕೊಟ್ಟರು? ಅವನ ತಿಂಗಳ ಸಂಬಳ ಎಷ್ಟು? ಊರಲ್ಲಿ ಜಮೀನಿದ್ದರೆ ಅದನ್ನು ಉಳುತ್ತಿರುವವನು ಯಾರು? ಇದನ್ನು ಹೇಳದ ಲೇಖಕ ದುಃಖದ ಬಗ್ಗೆ ಹೇಳುವುದನ್ನೂ ನಾನು ಪೂರ್ತಿ ನಂಬುವುದಿಲ್ಲ. ನನ್ನ ಗೆಳೆಯರೊಬ್ಬರು ಕನ್ನಡ ಮೇಷ್ಟ್ರಾಗಿದ್ದವರು. "ಸಾಹಿತ್ಯಕ್ಕೂ ಆಡಿಟ್ ರಿಪೋರ್ಟ್ ಬರೀತೀರಲ್ಲ ಸಾರ್" ಅಂತ ನಗುತ್ತಾರೆ. ಬರೆಯುತ್ತೇನೆ, ತಪ್ಪೇನು?

ಈಚೆಗೆ ಈ ರೀತಿ ಓದಿದ್ದರಲ್ಲಿ ನನಗೆ ಅತಿ ಹೆಚ್ಚು ಕೆಲಸ ಕೊಟ್ಟದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದದ್ದು, ನೂರು ಪುಟದ ಆಸುಪಾಸಿನ ನೀಳ್ಗತೆ. ನನ್ನ ಹಾಳೆ ಎರಡೂ ಬದಿ ತುಂಬಿತು. ನಿರೂಪಕನ ಅಪ್ಪ ಚಹಾ ಕಂಪನಿಯ ಸೇಲ್ಸ್‌ಮನ್. ಮನೆ ಚಿಕ್ಕದು, ಇರುವೆ ಕಾಟ. ಆ ಮನೆಯಲ್ಲಿ ಗ್ಯಾಸ್ ಒಲೆ ತರುವುದೆಂದರೆ ಎಲ್ಲರೂ ಕೂತು ಮಾತಾಡಬೇಕಾದ ಸಂಗತಿ. ಅಪ್ಪನ ವಸೂಲಿ ಲೆಕ್ಕ ತಾಳೆಯಾಗದೆ ಮನೆ ಮಂದಿಯೆಲ್ಲ ಕಂಗಾಲಾಗುವ ಒಂದು ಸಂದರ್ಭವಿದೆ. ಅದನ್ನು ಓದುವಾಗ ನನಗೆ ಮೈ ಜುಮ್ಮೆಂದಿತು. ಲೆಕ್ಕ ತಾಳೆಯಾಗದ ರಾತ್ರಿ ಅಂದರೇನೆಂದು ಸೊಸೈಟಿ ಕಾರ್ಯದರ್ಶಿಗಳ ಮುಖದಲ್ಲಿ ನೋಡಿದ್ದೇನೆ. ಕೈಯಿಂದ ಕಟ್ಟಿಕೊಡಬೇಕಾದೀತು ಎನ್ನುವ ಭಯ ಊಟದ ತಟ್ಟೆಯವರೆಗೂ ಬರುತ್ತದೆ.

ಆಮೇಲೆ ಅಪ್ಪನ ಕೆಲಸ ಹೋಗುತ್ತದೆ. ಕಂಪನಿಯಿಂದ ಬಂದ ಇಡಿಗಂಟು ಚಿಕ್ಕಪ್ಪನ ಮಸಾಲೆ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ. ‘ಸೋನಾ ಮಸಾಲ’ ಕುದುರುತ್ತದೆ, ಮನೆ ದೊಡ್ಡದಾಗುತ್ತದೆ. ಇಲ್ಲಿಂದ ಮುಂದೆ ಕತೆಯಲ್ಲಿ ನಡೆಯುವ ಪ್ರತಿಯೊಂದು ನಯವಾದ ಕ್ರೌರ್ಯಕ್ಕೂ ಒಂದು ಜಮಾ ನಮೂದು ಇದೆ. ದುಡಿಯುವವನು ಚಿಕ್ಕಪ್ಪ ಒಬ್ಬನೇ, ಹಾಗಾಗಿ ಅವನನ್ನು ಹುಡುಕಿಕೊಂಡು ಬಂದ ಹೆಂಗಸು ಬಾಗಿಲಲ್ಲೇ ಮನೆಯವರ ಬೈಗುಳ ತಿಂದು ಹೋಗುತ್ತಾಳೆ. ಅವಳು ತಂದ ಮಸೂರ ಬೇಳೆಯ ಸಾರು ನೆಲದ ಪಾಲು. ಕಾಗದದ ಮೇಲೆ ಅಪ್ಪನದೂ ಪಾಲುಂಟು, ಆದ್ದರಿಂದ ಅವನು ಉಯಿಲಿನಲ್ಲಿ ಏನು ಬರೆದುಬಿಡುತ್ತಾನೋ ಅಂತ ಎಲ್ಲರಿಗೂ ಒಳಗೊಳಗೇ ದಿಗಿಲು. ನಿರೂಪಕನಿಗೆ ನಿರ್ದೇಶಕ ಅಂತ ಹುದ್ದೆ, ತಿಂಗಳು ತಿಂಗಳು ಖಾತೆಗೆ ದುಡ್ಡು, ಕೆಲಸ ಸೊನ್ನೆ. ಹೆಂಡತಿ ಅನಿತಾಗೆ ಇದು ಗೊತ್ತಾದಾಗ ಅವಳಿಗಾಗುವ ಹೇಸಿಗೆಯೇ ಈ ಕತೆಯ ಆಕ್ಷೇಪಣಾ ವರದಿ. ಗಂಡ ಸೋಮಾರಿ ಅನ್ನುವುದಕ್ಕಿಂತ, ಬೇರೆಯವರು ದುಡಿದದ್ದನ್ನು ಸಂಬಳ ಅಂತ ಕರೆದುಕೊಂಡು ನಾಚಿಕೆಯಿಲ್ಲದೆ ಇರುವ ಮನೆಗೆ ಬಂದುಬಿಟ್ಟೆ ಅನ್ನುವುದು ಅವಳ ಸಂಕಟ. ಕೊನೆಯ ಬಗ್ಗೆ ಓದುಗರು ಬಹಳ ಚರ್ಚೆ ಮಾಡುತ್ತಾರೆ, ಏನಾಯಿತು, ಆಯಿತೋ ಇಲ್ಲವೋ ಅಂತ. ನನಗೆ ಆ ಚರ್ಚೆ ಬೇಕೆನಿಸಲಿಲ್ಲ. ಗ್ಯಾಸ್ ಒಲೆಯ ಮನೆಗೂ ಆ ದೊಡ್ಡ ಮನೆಗೂ ನಡುವಿನ ಬ್ಯಾಲೆನ್ಸು ನೋಡಿದರೆ ಉತ್ತರ ಅಲ್ಲೇ ಇದೆ.

ಅದೇ ಲೇಖಕರ ‘ಸಕೀನಾಳ ಮುತ್ತು’ ಅಷ್ಟು ಹಿಡಿಸಲಿಲ್ಲ. ವ್ಯಕ್ತಿತ್ವ ವಿಕಸನದ ಪುಸ್ತಕ ಓದಿ ಬದುಕು ಸರಿಮಾಡಿಕೊಳ್ಳಲು ಹೊರಟ ಆ ವೆಂಕಟರಮಣನ ಮೇಲೆ ನನಗೆ ಸಿಟ್ಟು ಬರುವ ಮೊದಲೇ ಲೇಖಕರಿಗೆ ಬಂದುಬಿಟ್ಟಿದೆ.

ನವ್ಯದ ಕಾಲದ ಕಾದಂಬರಿಗಳಲ್ಲಿ ಸಂಬಳದ ಚೀಟಿ ಸಿಗುವುದಿಲ್ಲ ಅಂತ ನಾನು ಗೊಣಗುತ್ತಿದ್ದಾಗ ಮೇಷ್ಟ್ರು ಕೈಗಿಟ್ಟದ್ದು ಯಶವಂತ ಚಿತ್ತಾಲರ ‘ಶಿಕಾರಿ’. 1979ರ ಪುಸ್ತಕ. ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಹುದ್ದೆಯವರೆಗೆ ಏರಿದವರು. ಅದು ಪುಟಪುಟದಲ್ಲೂ ಗೊತ್ತಾಗುತ್ತದೆ. ವಿಚಾರಣೆಯ ಹೆಸರಿನಲ್ಲಿ ಕಥಾನಾಯಕ ನಾಗಪ್ಪನನ್ನು ಕೆಲಸದಿಂದ ದೂರ ಇಡುತ್ತಾರಲ್ಲ, ಆ ಕಚೇರಿಯ ಭಾಷೆ ಎಷ್ಟು ಸಾಚಾ ಎಂದರೆ ನನ್ನ ಹಳೆಯ ಕಡತಗಳ ವಾಸನೆ ಬಂತು. ಒಬ್ಬನನ್ನು ಮುಗಿಸಬೇಕೆಂದು ಮೊದಲೇ ತೀರ್ಮಾನ ಮಾಡಿ ಆಮೇಲೆ ದಾಖಲೆ ಹುಡುಕುವ ಕ್ರಮ ಇದೆಯಲ್ಲ, ಅದನ್ನು ಕನ್ನಡದಲ್ಲಿ ಇಷ್ಟು ನಿಖರವಾಗಿ ಬರೆದದ್ದನ್ನು ನಾನು ಬೇರೆಲ್ಲೂ ಓದಿಲ್ಲ. ನಾಗಪ್ಪ ತನ್ನೊಳಗೆ ತಾನು ಸುತ್ತುವ ಪುಟಗಳು ಜಾಸ್ತಿಯಾದವು. ಅಲ್ಲಿ ನಾನು ಹಾಳೆ ಬೇಗ ಬೇಗ ತಿರುವಿದೆ.

ಕಥಾಸಂಕಲನಕ್ಕೆ ನನ್ನ ಕ್ರಮ ಬೇರೆ. ಕಾದಂಬರಿಯನ್ನು ಊಟ, ನಿದ್ದೆ ಬಿಟ್ಟರೆ ನಿಲ್ಲಿಸದೆ ಓದಿದರೆ ಚೆಂದ. ಸಂಕಲನವನ್ನು ಹಾಗೆ ಓದಿದರೆ ಕತೆಗಾರರಿಗೆ ಅನ್ಯಾಯ. ವರ್ಷಗಟ್ಟಲೆ ಬಿಡಿಬಿಡಿಯಾಗಿ ಬರೆದದ್ದನ್ನು ನಾವು ಒಂದೇ ಮಧ್ಯಾಹ್ನ ನುಂಗಿ, "ಎಲ್ಲ ಒಂದೇ ಥರ" ಅಂದುಬಿಡುತ್ತೇವೆ. ಬಾನು ಮುಷ್ತಾಕರ ಬಗ್ಗೆ ಈ ಮಾತು ಬಹಳ ಕೇಳಿದ್ದೇನೆ. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಸುತ್ತಮುತ್ತ ಎಲ್ಲರೂ ಒಮ್ಮೆಲೇ ಓದತೊಡಗಿದರು. ಅದರಲ್ಲಿರುವುದು 12 ಕತೆ, ಬರೆದದ್ದು 1990ರಿಂದ 2023ರ ನಡುವೆ. ಮೂವತ್ತಕ್ಕೂ ಹೆಚ್ಚು ವರ್ಷದ ಬರವಣಿಗೆಯನ್ನು ವಾರದ ಕೊನೆಯಲ್ಲಿ ಮುಗಿಸಿ ಏಕತಾನ ಅಂದರೆ ಹೇಗೆ? ನಾನು ಒಂದು ಕತೆ ಓದಿದರೆ ಅವತ್ತಿಗೆ ಪುಸ್ತಕ ಮುಚ್ಚುತ್ತೇನೆ. ಮರುದಿನ ಬೆಳಿಗ್ಗೆ ಕತೆಯಲ್ಲಿ ಯಾವ ವಸ್ತು ನೆನಪಿದೆ ಅಂತ ನೋಡಿಕೊಂಡು ಹಾಳೆಯಲ್ಲಿ ಬರೆಯುತ್ತೇನೆ. ಮನುಷ್ಯರ ಹೆಸರು ಮರೆತರೂ ವಸ್ತು ಮರೆಯುವುದಿಲ್ಲ.

ಹಾಗೆ ನೆನಪಿನಲ್ಲಿ ಉಳಿದದ್ದು ಕಫನ್ನಿನ, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆಯ ಕತೆ. ಯಾಸೀನ್ ಬೂವಾ ಬಡ ವಿಧವೆ. ಹಜ್‌ಗೆ ಹೊರಟ ಸಿರಿವಂತೆ ಶಾಜಿಯಾಳ ಕೈಗೆ ತಾನು ಕೂಡಿಟ್ಟ ದುಡ್ಡು ಕೊಟ್ಟು, ಮೆಕ್ಕಾದ ಪವಿತ್ರ ಜಮ್‌ಜಮ್ ಬಾವಿಯ ನೀರಿನಲ್ಲಿ ಅದ್ದಿದ ಕಫನ್ ತಂದುಕೊಡು ಅಂತ ಕೇಳುತ್ತಾಳೆ. ಶಾಜಿಯಾ ತರುವುದಿಲ್ಲ. ಮುದುಕಿ ಸತ್ತ ದಿನ ಮಗ ಬಾಗಿಲಿಗೆ ಬರುತ್ತಾನೆ. ನಮ್ಮ ಲೆಕ್ಕದಲ್ಲಿ ಇದು ಅನಾಮತ್ತು. ಬೇರೆಯವರ ದುಡ್ಡು ನಮ್ಮಲ್ಲಿ ಇರುವುದು, ಖರ್ಚು ಹಾಕುವ ಹಾಗಿಲ್ಲ, ಆದಾಯ ಅಂತ ತೋರಿಸುವ ಹಾಗೂ ಇಲ್ಲ. ಮೊತ್ತ ಚಿಕ್ಕದಾದಷ್ಟೂ ಅದನ್ನು ಯಾರೂ ಕೇಳುವುದಿಲ್ಲ, ವರ್ಷಗಟ್ಟಲೆ ಪುಸ್ತಕದಲ್ಲಿ ಹಾಗೇ ಉಳಿಯುತ್ತದೆ. ಶಾಜಿಯಾ ಈಗ ಎಷ್ಟು ದುಡ್ಡು ಚೆಲ್ಲಿದರೂ ಆ ನಮೂದು ಚುಕ್ತಾ ಆಗುವುದಿಲ್ಲ, ಏಕೆಂದರೆ ಸಾಲಕೊಟ್ಟವಳು ಇಲ್ಲ. ಬಾನು ಅವರ ಕತೆಗಳಲ್ಲಿ ನನಗೆ ಇದೇ ಮೇಲು. ಇಲ್ಲಿ ಕೆಟ್ಟವರು ಯಾರೂ ಇಲ್ಲ, ಮರೆವು ಒಂದೇ ಇದೆ. ಆ ಮರೆವಿಗೂ ಅಂತಸ್ತು ಇದೆ.

‘ಕರಿ ನಾಗರಗಳು’ ಬಗ್ಗೆ ಸ್ವಲ್ಪ ತಕರಾರಿದೆ. ಗಿರೀಶ ಕಾಸರವಳ್ಳಿ ‘ಹಸೀನಾ’ ಅಂತ ಸಿನಿಮಾ ಮಾಡಿದ್ದು ಇದನ್ನೇ. ಗಂಡ ಬಿಟ್ಟ ಹೆಂಗಸು ಜೀವನಾಂಶಕ್ಕಾಗಿ ಮಸೀದಿಯ ಮುಂದೆ ಕೂರುತ್ತಾಳೆ, ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ಬಾನು ವಕೀಲರು. ಇಲ್ಲಿ ಕೆಲವು ಕಡೆ ಕತೆಗಾರ್ತಿ ಕೂತು ವಕೀಲರು ಎದ್ದು ನಿಂತ ಹಾಗಾಗುತ್ತದೆ. ವಾದ ಸರಿಯಾಗಿದೆ, ಆದರೆ ವಾದ ಅಂತ ಗೊತ್ತಾಗುತ್ತದೆ. ಕೊನೆಗೆ ಮುತವಲ್ಲಿಯ ಹೆಂಡತಿಯೇ ತನ್ನ ಮೈಯ ಬಗ್ಗೆ ತಾನೇ ತೀರ್ಮಾನ ತೆಗೆದುಕೊಂಡು ಹೊರಡುತ್ತಾಳಲ್ಲ, ಆ ಜಾಗದಲ್ಲಿ ಮಾತ್ರ ನನ್ನ ತಕರಾರು ಉಳಿಯುವುದಿಲ್ಲ.

ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಿಗೆ ನನ್ನ ಕಾಲಂ ಸಾಲುವುದಿಲ್ಲ. ದುಡ್ಡು ಎಲ್ಲರಿಗೂ ಕಡಿಮೆ, ಅದು ಮೊದಲ ಪುಟದಲ್ಲೇ ಇತ್ಯರ್ಥ. ಅವರು ಲೆಕ್ಕ ಇಡುವುದು ಬೇರೆಯದಕ್ಕೆ. ‘ಒಪೆರಾ ಹೌಸ್’ನಲ್ಲಿ ಮುಚ್ಚಿಹೋಗುತ್ತಿರುವ ಥಿಯೇಟರಿನ ಕಸ ಗುಡಿಸುವ ಹುಡುಗನಿಗೆ ಸೀಟಿನ ಕೆಳಗೆ ಥರ್ಮಾಸ್ ಫ್ಲಾಸ್ಕ್ ಸಿಗುತ್ತದೆ. ಕಳೆದುಕೊಂಡವರು ಯಾರೋ, ಅದು ಯಾವ ರೋಗಿಗೆಂದು ಹೊರಟಿತ್ತೋ ಅಂತ ಅವನ ತಲೆಯಲ್ಲಿ ಬೆಳೆಯುತ್ತಾ ಹೋಗುತ್ತದೆ. ಕೆಲಸವೇ ಹೋಗುವ ಹೊತ್ತಿನಲ್ಲಿ ಒಂದು ಫ್ಲಾಸ್ಕಿನ ವಾರಸುದಾರನ ಚಿಂತೆ! ಆಡಿಟ್‌ಗೆ ಹೋದಾಗ ಸಂಘದ ಬೀರುವಿನಲ್ಲಿ ಯಾವ ರಿಜಿಸ್ಟರಿಗೂ ಸೇರದ ಒಂದು ಛತ್ರಿ, ಒಂದು ಕನ್ನಡಕ ಇದ್ದೇ ಇರುತ್ತಿತ್ತು. ಕೇಳಿದರೆ "ಯಾರದೋ ಸಾರ್, ಬಂದ್ರೆ ಕೊಡೋಣ ಅಂತ" ಅನ್ನುತ್ತಿದ್ದರು. ಕಾಯ್ಕಿಣಿ ಆ ಛತ್ರಿಯ ಕತೆಗಾರ. ಎಲ್ಲರೂ ಒಳ್ಳೆಯವರೇ ಆಗಿಬಿಡುತ್ತಾರೆ ಅನ್ನುವ ದೂರು ಕೇಳಿದ್ದೇನೆ, ಅದರಲ್ಲಿ ಸ್ವಲ್ಪ ನಿಜವಿದೆ. ಆದರೂ ನನಗೆ ಬೇಸರ ಬಂದಿಲ್ಲ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ ದಪ್ಪ ಪುಸ್ತಕ, ಬೇಗ ಓಡುತ್ತದೆ. ಲಿಸ್ಬನ್ನಿನ ತೇಜೋ ನದಿಯ ದಡದಿಂದ ವಿಜಯನಗರದ ಕಡೆಗೆ, 1492ರಿಂದ ಸುರುವಾಗುವ ಕಾಲ. ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಲು ದುಡ್ಡು ಬೇಕೆಂದು ಗೇಬ್ರಿಯಲ್ ಹಡಗು ಹತ್ತುತ್ತಾನೆ. ಅಂದರೆ ಇಡೀ ಕಾದಂಬರಿ ಒಂದು ಸಾಲದ ಅರ್ಜಿಯಿಂದಲೇ ಹೊರಡುತ್ತದೆ, ನನಗಿನ್ನೇನು ಬೇಕು? ಹಡಗಿನ ಪುಟಗಳು, ಒಡೆಯನಿಗಾಗಿ ಪ್ರಾಣ ಕೊಡುವ ಹರಕೆ ಹೊತ್ತ ಲೆಂಕರ ಪುಟಗಳು ಮನಸ್ಸಿನಲ್ಲಿ ನಿಂತವು. ಲಿಸ್ಬನ್ನಿನಲ್ಲಿ ಕೆಲವೆಡೆ ಸಂಶೋಧನೆ ಮಾಡಿದ್ದನ್ನೆಲ್ಲ ಹೇಳಲೇಬೇಕು ಅನ್ನುವ ಆತುರ ಕಾಣುತ್ತದೆ.

ಇವುಗಳ ನಡುವೆ ಮತ್ತೆ ಓದಿದ್ದು ದೇವನೂರ ಮಹಾದೇವರ ‘ಒಡಲಾಳ’. ಸಾಕವ್ವನ ಮನೆಗೆ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆ ಬರುತ್ತದೆ, ರಾತ್ರಿಯಲ್ಲಿ, ಕದ್ದದ್ದು. ಮನೆ ಮಂದಿಯೆಲ್ಲ ಒಲೆಯ ಸುತ್ತ ಕೂತು ತಿನ್ನುತ್ತಾರೆ. ಪೊಲೀಸರು ಬಂದಾಗ ಸಾಕ್ಷ್ಯ ಹೊಟ್ಟೆಯಲ್ಲಿದೆ. ಎತ್ತಪ್ಪನ ಪುಸ್ತಕದಲ್ಲಿ ಇದು ನಷ್ಟ, ಠಾಣೆಯ ಪುಸ್ತಕದಲ್ಲಿ ಕಳವು. ಸಾಕವ್ವನ ಮನೆಯಲ್ಲಿ ಪುಸ್ತಕವೇ ಇಲ್ಲ. ಇದ್ದಿದ್ದರೆ ಎಷ್ಟು ತಲೆಮಾರಿನ ಬಾಕಿ ವಸೂಲಾಯಿತು ಅಂತ ಬರೆಯಬೇಕಿತ್ತು? ಆ ಕಾಲಂ ನಾನು ಖಾಲಿ ಬಿಟ್ಟೆ. ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪಗಳು ಕೂತು ಮಾತಾಡುವಾಗ ನನ್ನ ಪೆನ್ಸಿಲ್ ಕೆಳಗಿಡುತ್ತೇನೆ. ಅಲ್ಲಿ ಜೋರಾಗಿ ಓದಿಕೊಳ್ಳುವುದೊಂದೇ ದಾರಿ. ನಂಜನಗೂಡು ಸೀಮೆಯ ಆ ಮಾತು ಕಣ್ಣಿಗಿಂತ ಕಿವಿಗೆ ಬೇಗ ದಕ್ಕುತ್ತದೆ.

ಒಂದು ಸಂತೋಷದ ವಿಷಯ ಬಿಟ್ಟೆ. ತೇಜಸ್ವಿಯವರ ‘ಕರ್ವಾಲೊ’ ಶುರುವಾಗುವುದೇ ಜೇನು ಸೊಸೈಟಿಯಲ್ಲಿ! ಹಾರುವ ಓತಿ, ವಿಕಾಸವಾದ ಎಲ್ಲ ಆಮೇಲೆ. ಮೊದಲು ಜೇನುತುಪ್ಪದ ವ್ಯಾಪಾರ, ಜಮೀನು ಮಾರಿಬಿಡೋಣವೇ ಅನ್ನುವ ರೈತನ ತಲೆಬಿಸಿ. ಸಾಲಸೋಲದ ಮಧ್ಯೆಯೇ ವಿಸ್ಮಯ ಬರುವುದರಿಂದ ಆ ಓತಿಯನ್ನು ನಾನು ನಂಬಿದೆ.

ಹೊಸ ಕತೆಗಾರರಲ್ಲಿ ನಾನೀಗ ಹುಡುಕುತ್ತಿರುವುದು ಕಿರುಸಾಲದ ವಾರದ ಕಂತು. ಹೆಂಗಸರ ಗುಂಪು, ಒಬ್ಬಳು ಕಟ್ಟದಿದ್ದರೆ ಉಳಿದವರು ಅವಳ ಮನೆ ಮುಂದೆ ಕೂರುವುದು, ಇನ್ನೊಂದು ಕಂಪನಿಯ ಸಾಲ ತೆಗೆದು ಈ ಕಂಪನಿಗೆ ಕಟ್ಟುವುದು, ಬೀಗ ಹಾಕಿಕೊಂಡು ರಾತ್ರೋರಾತ್ರಿ ಊರು ಬಿಡುವುದು. ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಪತ್ರಿಕೆಯಲ್ಲಿ ಇಷ್ಟು ಬಂದದ್ದು ಕತೆಯಲ್ಲಿ ನನಗೆ ಸಿಕ್ಕಿದ್ದು ಬಹಳ ಕಡಿಮೆ. ಕಿರುಹಣಕಾಸಿನ ಮೇಲೆ ಅಧ್ಯಯನ ಮಾಡಿದ ಪ್ರಾಧ್ಯಾಪಕರೇ ಆಗಿರುವ ಎಂ.ಎಸ್. ಶ್ರೀರಾಮ್ ಕತೆಗಾರರೂ ಹೌದು, ಅವರ ‘ಸಲ್ಮಾನ್ ಖಾನನ ಡಿಫಿಕಲ್ಟೀಸು’ ಮೇಜಿನ ಮೇಲಿದೆ. ಪಕ್ಕದಲ್ಲಿ ಸ್ವಾಮಿ ಪೊನ್ನಾಚಿಯವರ ‘ಧೂಪದ ಮಕ್ಕಳು’. ಕಂತಿನ ದಿನ ಬೆಳಿಗ್ಗೆ ಒಂದು ಮನೆಯಲ್ಲಿ ಏನಾಗುತ್ತದೆ ಅಂತ ಬರೆದ ಕನ್ನಡ ಕತೆ ಯಾರಾದರೂ ಓದಿದ್ದರೆ ಹೆಸರು ತಿಳಿಸಿ, ತರಿಸಿಕೊಳ್ಳುತ್ತೇನೆ.